ಸೋಲಾರ್ ಗಾಜು ಒರೆಸಿ ಎಷ್ಟು ದಿನ ಆಯ್ತು?

ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ಇರುವವರು ಒಮ್ಮೆ ತಾರಸಿ ಹತ್ತಿ ನೋಡಿ. ನಮ್ಮದರ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು! ಬಿಸಿಲು ಒಳಗೆ ಹೋದರೆ ತಾನೇ ನೀರು ಕಾಯುವುದು? ಬೆಳಿಗ್ಗೆ ಬಿಸಿಲೇರುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಾದ ಗಾಜಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು, ಹುಷಾರು.

ಇನ್ನೊಂದು, ಟ್ಯಾಂಕಿನ ಕರೆಂಟ್ ಕಾಯಿಲ್ ಸ್ವಿಚ್. ಮೋಡದ ದಿನ ಹಾಕಿ ಮರೆತೇಬಿಡುತ್ತೇವೆ, ಅಲ್ವಾ? 2000 ವ್ಯಾಟ್ ಕಾಯಿಲ್ ಅರ್ಧ ಗಂಟೆ ನಡೆದರೆ 1 ಯೂನಿಟ್ ಹೋಯಿತು. ನಾನು ಮಳೆಗಾಲ ಪೂರ್ತಿ ಆನ್ ಬಿಟ್ಟಿದ್ದೆ. ಬಿಲ್ ಬಂದಾಗ ಮನೆಯವರ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ಈಗ ಸ್ವಿಚ್ ಮೇಲೆ ಕೆಂಪು ಟೇಪ್ ಅಂಟಿಸಿದ್ದೇನೆ.

ನಲ್ಲಿ ತಿರುಗಿಸಿದಾಗ ಮೊದಲು ಬರುವ ತಣ್ಣೀರನ್ನು ಸುಮ್ನೆ ಮೋರಿಗೆ ಬಿಡಬೇಡಿ. ಬಕೆಟ್‌ಗೆ ಹಿಡಿದರೆ ನೆಲ ಒರೆಸಲು ಆಗುತ್ತದೆ.