ಮರಳಿನ ದ್ವೀಪಕ್ಕೆ ಒಂದು ದಿನ: ಗರಿಗೆ ಹೊರಡುವವರು ಮಾಡಿಕೊಳ್ಳಬೇಕಾದ ಸಿದ್ಧತೆ

ಬ್ರಿಸ್ಬೇನ್‌ನಲ್ಲಿರುವ ಮಕ್ಕಳ ಮನೆಗೆ ಎರಡು ಮೂರು ತಿಂಗಳ ಮಟ್ಟಿಗೆ ಬರುವ ತಂದೆ ತಾಯಂದಿರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಮಾತು ಬಂದಾಗಲೆಲ್ಲ, ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆಗಿರುವ ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪದ ಹೆಸರು ಬಂದೇ ಬರುತ್ತದೆ. ನಕ್ಷೆಯಲ್ಲಿ K'gari ಎಂದು ಬರೆಯುವ ಈ ಹೆಸರು ಇಂಗ್ಲಿಷಿನ ಕೆ ಅಕ್ಷರದಿಂದ ಆರಂಭವಾದರೂ ಆ ಅಕ್ಷರವನ್ನು ಉಚ್ಚರಿಸುವುದಿಲ್ಲ. ಆಡುಮಾತಿನಲ್ಲಿ ಅದು ನಮ್ಮ ನವಿಲುಗರಿಯ ‘ಗರಿ’ಗೆ ತೀರ ಹತ್ತಿರ. ದ್ವೀಪದ ಮೂಲನಿವಾಸಿಗಳಾದ ಬುಚುಲ್ಲಾ ಜನರ ಭಾಷೆಯಲ್ಲಿ ಅದಕ್ಕೆ ಸ್ವರ್ಗ ಎಂಬ ಅರ್ಥವಿದೆ. 2023ರ ಜೂನ್‌ವರೆಗೆ ಸರ್ಕಾರಿ ದಾಖಲೆಗಳಲ್ಲಿ ಇದು ಫ್ರೇಸರ್ ಐಲೆಂಡ್ ಆಗಿತ್ತು. 1836ರಲ್ಲಿ ಹಡಗು ಒಡೆದು ಈ ತೀರ ಸೇರಿದ ಎಲೈಜಾ ಫ್ರೇಸರ್ ಊರಿಗೆ ಮರಳಿದ ಮೇಲೆ ಹೇಳಿದ ಕಥೆಗಳು ಬುಚುಲ್ಲಾ ಜನರಿಗೆ ಕೆಟ್ಟ ಹೆಸರು ತಂದಿದ್ದವು. ಆ ಹೆಸರು ಹೋಗಿ ತಮ್ಮ ಹೆಸರು ಮರಳಬೇಕೆಂದು ಅವರು ಬಹುಕಾಲ ಕೇಳಿಕೊಂಡಿದ್ದರು. ಆದ್ದರಿಂದ ಹೊರಡುವವರು ಮೊದಲು ಈ ಹೆಸರನ್ನು ಸರಿಯಾಗಿ ಹೇಳಲು ಕಲಿತುಕೊಳ್ಳುವುದು ಒಳ್ಳೆಯದು.

ಎರಡನೆಯದಾಗಿ, ಸ್ವಂತ ವಾಹನದ ಆಸೆಯನ್ನು ಮೊದಲ ಸಲಕ್ಕೆ ಬಿಟ್ಟುಬಿಡಿ. ದ್ವೀಪ 120 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ, ಒಳಗೆಲ್ಲ ಮರಳಿನ ದಾರಿಗಳು, ಫೋರ್ ವೀಲ್ ಡ್ರೈವ್ ಅಲ್ಲದ ವಾಹನಕ್ಕೆ ಅಲ್ಲಿ ಕೆಲಸವಿಲ್ಲ. ಸ್ವಂತವಾಗಿ ಹೋಗುವವರು ವಾಹನಕ್ಕೆ ಪರವಾನಗಿ ಪಡೆಯಬೇಕು, ಟೈರಿನ ಗಾಳಿ ಇಳಿಸಬೇಕು, ಸಮುದ್ರದ ಉಬ್ಬರ ಇಳಿತದ ಪಟ್ಟಿಯನ್ನು ಓದಿ ಗಂಟೆಯ ಲೆಕ್ಕ ಹಾಕಬೇಕು. ಮರಳಿನಲ್ಲಿ ಒಮ್ಮೆಯೂ ಗಾಡಿ ಓಡಿಸದವರು ವಯಸ್ಸಾದವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಈ ಪ್ರಯೋಗಕ್ಕೆ ಇಳಿಯುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಎತ್ತರದ ಚಕ್ರಗಳ, ಸೀಟ್ ಬೆಲ್ಟ್ ಇರುವ ಬಸ್ಸುಗಳಲ್ಲಿ ಗೈಡ್‌ಗಳೇ ಚಾಲಕರಾಗಿ ಕರೆದೊಯ್ಯುವ ಒಂದು ದಿನದ ಪ್ರವಾಸಗಳಿವೆ. ತಲಾ ಖರ್ಚು 200 ಆಸ್ಟ್ರೇಲಿಯನ್ ಡಾಲರ್ ದಾಟುವುದು ಸಾಮಾನ್ಯ. ಬಾರ್ಜ್ (ವಾಹನಗಳನ್ನೂ ಹೊತ್ತು ದಾಟಿಸುವ ದೋಣಿ), ಪ್ರವೇಶ, ಊಟ ಎಲ್ಲವೂ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಂಡೇ ಹಣ ಕಟ್ಟಿ.

ಎಲ್ಲಿಂದ ಹೊರಡಬೇಕು

ಬಾಗಿಲುಗಳು ಮುಖ್ಯವಾಗಿ ಎರಡು. ಉತ್ತರದ ಬಾಗಿಲು ಹರ್ವಿ ಬೇ, ಬ್ರಿಸ್ಬೇನ್‌ನಿಂದ ಸುಮಾರು 290 ಕಿಲೋಮೀಟರ್, ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಅದರ ಸಮೀಪದ ರಿವರ್ ಹೆಡ್ಸ್‌ನಿಂದ ಹೊರಡುವ ಬಾರ್ಜ್ ಸುಮಾರು 50 ನಿಮಿಷದಲ್ಲಿ ದ್ವೀಪದ ಪಶ್ಚಿಮ ದಂಡೆಯ ಕಿಂಗ್‌ಫಿಷರ್ ಬೇಗೆ ತಲುಪಿಸುತ್ತದೆ. ಸಿಗಂದೂರಿನ ಲಾಂಚ್‌ನಲ್ಲಿ ಬಸ್ಸು ಜೀಪುಗಳ ಜೊತೆ ನಿಂತು ಹಿನ್ನೀರು ದಾಟಿದವರಿಗೆ ಈ ಬಾರ್ಜಿನ ಮೇಲೆ ಹೊಸತೆನಿಸುವಂಥದ್ದು ಏನೂ ಇಲ್ಲ. ದಕ್ಷಿಣದ ಬಾಗಿಲು ರೇನ್‌ಬೋ ಬೀಚ್. ಅಲ್ಲಿಗೆ ಹತ್ತಿರದ ಇನ್‌ಸ್ಕಿಪ್ ಪಾಯಿಂಟ್‌ನಿಂದ ಹತ್ತೇ ನಿಮಿಷದಲ್ಲಿ ದ್ವೀಪದ ತುದಿ ಸಿಗುತ್ತದೆ. ನೂಸಾ ಊರಿನಿಂದಲೂ ಬ್ರಿಸ್ಬೇನ್‌ನಿಂದಲೂ ನೇರವಾಗಿ ಕರೆದೊಯ್ಯುವ ಪ್ರವಾಸಗಳಿವೆ.

ಬ್ರಿಸ್ಬೇನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಸಾಧ್ಯವೇ ಎಂದು ಕೇಳಿದರೆ ಸಾಧ್ಯ. ಬೆಳಕು ಹರಿಯುವ ಮುನ್ನ ಹೊರಟು ಕತ್ತಲಾದ ಮೇಲೆ ಮನೆ ಸೇರಬೇಕು, ಮತ್ತು ಅಷ್ಟು ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಸ್ಸಿನ ಸೀಟಿನಲ್ಲಿ ಕಳೆಯುತ್ತದೆ. ಮಂಡಿನೋವು, ಬೆನ್ನುನೋವು ಇರುವವರಿಗೆ ಇದು ಶಿಕ್ಷೆ. ನಾನು ನನ್ನ ತಾಯಿಯನ್ನು ಕರೆದೊಯ್ದಾಗ ಹಿಂದಿನ ಸಂಜೆಯೇ ಹರ್ವಿ ಬೇಗೆ ಹೋಗಿ ರಾತ್ರಿ ಉಳಿದು, ಬೆಳಿಗ್ಗೆ ಪ್ರವಾಸದ ಬಸ್ಸು ಹತ್ತಿದೆವು. ಅವರು ದಿನವಿಡೀ ಉತ್ಸಾಹದಿಂದ ಓಡಾಡಿದ್ದಕ್ಕೆ ಆ ಒಂದು ರಾತ್ರಿಯ ನಿದ್ರೆಯೇ ಕಾರಣ ಎಂದು ಈಗಲೂ ನಂಬಿದ್ದೇನೆ.

ಯಾವಾಗ ಹೋಗಬೇಕು

ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ, ಹವೆ ತಂಪು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸೆಕೆ ಮತ್ತು ಜೋರು ಮಳೆ. ಸರೋವರದ ನೀರಿಗೆ ಇಳಿಯಲೇಬೇಕು ಎನ್ನುವವರಿಗೆ ಜುಲೈ ಆಗಸ್ಟ್‌ನ ನೀರು ಚಳಿ ಹಿಡಿಸುತ್ತದೆ, ಆದರೆ ಜುಲೈನಿಂದ ನವೆಂಬರ್ ಮೊದಲ ಭಾಗದವರೆಗೆ ಹರ್ವಿ ಬೇಯ ಶಾಂತ ಕೊಲ್ಲಿಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿಗಳೊಂದಿಗೆ ಬಂದು ತಂಗುವುದರಿಂದ ಆ ಕಾಲದಲ್ಲಿ ಹೋದವರಿಗೆ ಮರುದಿನ ಇನ್ನೊಂದು ಪ್ರವಾಸಕ್ಕೆ ಕಾರಣ ಸಿಗುತ್ತದೆ.

ತಿಂಗಳಿಗಿಂತ ಮುಖ್ಯವಾದದ್ದು ತಿಥಿ. ದ್ವೀಪದ ಪೂರ್ವ ದಂಡೆಯ ‘75 ಮೈಲಿ ಬೀಚ್’ ಅಲ್ಲಿನ ಹೆದ್ದಾರಿ. ಗಂಟೆಗೆ 80 ಕಿಲೋಮೀಟರ್ ವೇಗಮಿತಿಯ ಫಲಕವಿದೆ, ಸಣ್ಣ ವಿಮಾನಗಳೂ ಅದೇ ಮರಳಿನ ಮೇಲೆ ಇಳಿದು ಏರುತ್ತವೆ. ಇಳಿತದಲ್ಲಿ ಆ ಹೆದ್ದಾರಿ ಗಟ್ಟಿಯಾದ, ಅಗಲವಾದ ನೆಲ. ಉಬ್ಬರದಲ್ಲಿ ಅದೇ ದಾರಿ ನೀರಿನ ಕೆಳಗೆ ಹೋಗಿ, ಉಳಿದ ಒಣಮರಳು ಚಕ್ರವನ್ನು ನುಂಗುತ್ತದೆ. ಉಬ್ಬರದ ಹಿಂದಿನ ಮುಂದಿನ ಎರಡೆರಡು ಗಂಟೆ ಅಲ್ಲಿ ವಾಹನ ಓಡಿಸಬಾರದೆಂಬುದು ದ್ವೀಪದ ಪಾಠ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇನ್ನೂ ಮೇಲಕ್ಕೇರುತ್ತದೆ. ಹೀಗಾಗಿ ಟಿಕೆಟ್ ಕೊಳ್ಳುವ ಮುನ್ನ ಗೋಡೆಯ ಕ್ಯಾಲೆಂಡರ್ ನೋಡಿಕೊಳ್ಳಿ, ಆ ದಿನ ಬೀಚಿಗೆ ಎಷ್ಟು ಸಮಯ ಸಿಗುತ್ತದೆ ಎಂದು ಪ್ರವಾಸ ನಡೆಸುವವರನ್ನು ಕೇಳಿ. ಕರಪತ್ರದಲ್ಲಿ ಮೊದಲು ಸರೋವರ, ಆಮೇಲೆ ಬೀಚ್ ಎಂದಿದ್ದರೂ ಗೈಡ್ ಅದನ್ನು ತಿರುವುಮುರುವು ಮಾಡಬಹುದು. ಅದಕ್ಕೆ ಬೇಸರಿಸಬೇಡಿ, ಅಲ್ಲಿ ದಿನಚರಿ ಬರೆಯುವುದು ಸಮುದ್ರ.

ಬುಕಿಂಗ್ ಮಾಡುವಾಗ ಕೇಳಬೇಕಾದ ಇನ್ನೆರಡು ಮಾತುಗಳಿವೆ. ಸರೋವರದ ಬಳಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂಬುದು ಒಂದು. ಒಂದು ಗಂಟೆಗಿಂತ ಕಡಿಮೆ ಎಂದರೆ ಬೇರೆ ಪ್ರವಾಸ ಹುಡುಕಿ. ಊಟದ ವಿಚಾರ ಇನ್ನೊಂದು. ಸಸ್ಯಾಹಾರಿಗಳೆಂದು ಮೊದಲೇ ಬರೆದು ತಿಳಿಸಿ, ಮೊಟ್ಟೆ ಮೀನು ತಿನ್ನುವುದಿಲ್ಲವೆಂದೂ ಬಿಡಿಸಿ ಹೇಳಿ. ನಾವು ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗಿದ್ದರಿಂದ ನನ್ನ ತಾಯಿಯ ಮಧ್ಯಾಹ್ನದ ಊಟ ಬ್ರೆಡ್ಡು, ಎಲೆಕೋಸಿನ ಸಲಾಡ್ ಮತ್ತು ಕಲ್ಲಂಗಡಿ ಹೋಳುಗಳಲ್ಲಿ ಮುಗಿಯಿತು.

ಚೀಲದಲ್ಲಿ ಏನಿರಬೇಕು

ಅಗಲ ಅಂಚಿನ ಟೋಪಿ, ತುಂಬುತೋಳಿನ ಹಗುರ ಅಂಗಿ, ಟವೆಲ್, ಬದಲಿ ಬಟ್ಟೆ, ತಲಾ ಎರಡು ಲೀಟರ್ ನೀರು, ದಿನನಿತ್ಯದ ಮಾತ್ರೆಗಳು. ಒಳದಾರಿಗಳಲ್ಲಿ ಬಸ್ಸು ಕಡಲಿನ ದೋಣಿಯಂತೆ ಓಲಾಡುವುದರಿಂದ ವಾಂತಿಯ ತೊಂದರೆ ಇರುವವರು ಹೊರಡುವ ಮೊದಲೇ ಮಾತ್ರೆ ನುಂಗಿರಬೇಕು, ಮುಂದಿನ ಸೀಟು ಕೇಳಿ ಪಡೆಯಬೇಕು. ಕಳಚಿ ಹಾಕಿಕೊಳ್ಳಲು ಸುಲಭವಾದ ಚಪ್ಪಲಿ ಸಾಕು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ, ಡಬ್ಬಿ ಬಸ್ಸಿನಲ್ಲೇ ಇರಲಿ. ಇದರ ಕಾರಣ ಮುಂದೆ ಬರುತ್ತದೆ.

ಕಾಡು ಮತ್ತು ಸರೋವರ

ಬಾರ್ಜ್‌ನಿಂದ ಇಳಿದ ಬಸ್ಸು ಸಾಮಾನ್ಯವಾಗಿ ಸೆಂಟ್ರಲ್ ಸ್ಟೇಷನ್ ಕಡೆಗೆ ಹೋಗುತ್ತದೆ. ಹೆಸರು ಕೇಳಿ ರೈಲು ಹುಡುಕಬೇಡಿ; ಅದು ಮರ ಕಡಿಯುವವರ ಹಳೆಯ ಬಿಡಾರ. 1863ರಲ್ಲಿ ಆರಂಭವಾದ ಮರಕಡಿತ 1991ರಲ್ಲಿ ನಿಂತಿತು, ಮರುವರ್ಷವೇ ದ್ವೀಪ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿನ ಸ್ಯಾಟಿನೇ ಮರ ಉಪ್ಪುನೀರಿನ ಹುಳಕ್ಕೆ ಜಗ್ಗದ್ದರಿಂದ ಸೂಯೆಜ್ ಕಾಲುವೆಯ ಕೆಲಸಕ್ಕೂ ಹೋಗಿತ್ತು. ಬರೀ ಮರಳಿನಲ್ಲಿ ಇಂಥ ಹೆಮ್ಮರಗಳು ಹೇಗೆ ಬೆಳೆದವು ಎಂಬ ಪ್ರಶ್ನೆಯನ್ನು ಗೈಡ್‌ಗೆ ಕೇಳಲೇಬೇಕು: ಮಳೆ ಮತ್ತು ಕಡಲ ಗಾಳಿ ತರುವ ಅತ್ಯಲ್ಪ ಪೋಷಕಾಂಶವನ್ನು ಬೇರಿಗಂಟಿದ ಶಿಲೀಂಧ್ರಗಳು ಹಿಡಿದು ಮರಕ್ಕೆ ಕೊಡುತ್ತವೆ, ಉದುರಿದ ಎಲೆ ಕೊಳೆತು ಮತ್ತೆ ಅದೇ ಬೇರಿಗೆ ಸೇರುತ್ತದೆ.

ಅಲ್ಲಿನ ಹಲಗೆದಾರಿಯ ಕೆಳಗೆ ವಂಗೂಲ್ಬ ತೊರೆ ಹರಿಯುತ್ತದೆ. ಇಲ್ಲಿ ಒಂದು ನಿಮಿಷ ಗುಂಪಿನಿಂದ ಹಿಂದೆ ಉಳಿದು ಸುಮ್ಮನೆ ನಿಲ್ಲಿ. ತಳದಲ್ಲಿ ಒಂದು ಕಲ್ಲೂ ಇಲ್ಲವಾದ್ದರಿಂದ ತೊರೆಗೆ ಜುಳುಜುಳು ಸದ್ದಿಲ್ಲ. ನೀರು ಎಷ್ಟು ತಿಳಿಯೆಂದರೆ ಬಿಳಿ ಮರಳಿನ ಮೇಲೆ ಒಂದು ಒಣಗಿದ ಎಲೆ ತಾನಾಗಿಯೇ ಜಾರಿ ಹೋಗುತ್ತಿರುವುದು ಕಂಡಾಗ ಮಾತ್ರ ಅಲ್ಲಿ ನೀರಿದೆ ಎಂದು ತಿಳಿಯುತ್ತದೆ. ನನ್ನ ತಾಯಿ ಕಟಕಟೆ ಹಿಡಿದು ಬಗ್ಗಿ ನೋಡಿ, “ನೀರೆಲ್ಲೋ?” ಎಂದು ಕೇಳಿದ್ದು ಇಲ್ಲಿಯೇ.

ದಿನದ ಮುಖ್ಯ ಭಾಗ ಬುರಂಗೂರ, ಅಂದರೆ ಮೆಕೆಂಝಿ ಸರೋವರ. ಇದನ್ನು ನೋಡುವ ಮುನ್ನ ಅದು ಹೇಗೆ ನಿಂತಿದೆ ಎಂದು ತಿಳಿದಿದ್ದರೆ ಅಲ್ಲಿನ ನಿಯಮಗಳು ಕಿರಿಕಿರಿ ಎನಿಸುವುದಿಲ್ಲ. ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಎಲೆ, ತೊಗಟೆ, ಕೊಳೆತ ಕಸ ಸಾವಿರಾರು ವರ್ಷ ಮರಳಿನೊಂದಿಗೆ ಬೆರೆತು ಗಾರೆಯಂತೆ ಗಟ್ಟಿಯಾಗಿದೆ, ಅದರ ಮೇಲೆ ಮಳೆನೀರು ನಿಂತಿದೆ. ಸಮುದ್ರಮಟ್ಟಕ್ಕಿಂತ ಸುಮಾರು 100 ಮೀಟರ್ ಎತ್ತರದಲ್ಲಿರುವ ಈ ನೀರಿಗೆ ಒಳಗೆ ಬರುವ ಹೊಳೆಯೂ ಇಲ್ಲ, ಹೊರಗೆ ಹೋಗುವ ಹೊಳೆಯೂ ಇಲ್ಲ. ಜಗತ್ತಿನಲ್ಲಿರುವ ಇಂಥ ಸರೋವರಗಳಲ್ಲಿ ಸುಮಾರು ಅರ್ಧ ಈ ಒಂದೇ ದ್ವೀಪದಲ್ಲಿವೆ. ನೀರು ತುಸು ಆಮ್ಲೀಯ, ಪೋಷಕಾಂಶ ತೀರ ಕಡಿಮೆ, ಹೀಗಾಗಿ ಜಲಜೀವಿಗಳೂ ಕಡಿಮೆ.

ಹೀಗಿರುವಾಗ ನಮ್ಮ ಮೈಮೇಲಿನ ಸನ್‌ಸ್ಕ್ರೀನ್, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಆ ನೀರಿಗೆ ಇಳಿದರೆ ಹರಿದುಹೋಗಲು ದಾರಿಯೇ ಇಲ್ಲ. ಬಿಸಿಲಿಗೆ ತುಂಬುತೋಳಿನ ಅಂಗಿ ತೊಟ್ಟೇ ನೀರಿಗಿಳಿಯಿರಿ, ಸನ್‌ಸ್ಕ್ರೀನನ್ನು ಈಜಿ ಮುಗಿದ ಮೇಲೆ ಹಚ್ಚಿಕೊಳ್ಳಿ, ಹಿಂದಿನ ದಿನವೇ ತಲೆ ತೊಳೆದುಕೊಂಡಿರಿ. ದಂಡೆಯ ಮರಳು ಹೆಚ್ಚುಕಡಿಮೆ ಶುದ್ಧ ಸಿಲಿಕಾ. ಅಂಗೈಯಲ್ಲಿ ಉಜ್ಜಿದರೆ ನುಣ್ಣನೆಯ ಸಕ್ಕರೆಯಂತೆ ಕಿರುಗುಟ್ಟುತ್ತದೆ. ದಂಡೆ ಆಳವಿಲ್ಲದ ಬಿಳಿ ನೀರಿನಿಂದ ಥಟ್ಟನೆ ಕಡುನೀಲಿಗೆ ತಿರುಗುವ ಕಡೆ ನೆಲ ಇಳಿಜಾರಾಗುತ್ತದೆ, ಮತ್ತು ಅಲ್ಲಿ ಕಾವಲುಗಾರರಿಲ್ಲ. ಈಜು ಬಾರದವರು ಸೊಂಟದ ನೀರಿನಾಚೆ ಹೋಗಬಾರದು. ತಿಂಡಿ ತಿನ್ನುವುದು ಬೇಲಿ ಹಾಕಿದ ಜಾಗದಲ್ಲಿ ಮಾತ್ರ, ದಂಡೆಗೆ ಕುಡಿಯುವ ನೀರಿನ ಬಾಟಲಿ ಬಿಟ್ಟು ಬೇರೇನೂ ಒಯ್ಯುವಂತಿಲ್ಲ.

ವೊಂಗರಿ ಎದುರಾದರೆ

ಬೇಲಿಗೆ ಕಾರಣ ವೊಂಗರಿ, ಅಂದರೆ ಡಿಂಗೊ. ನೋಡಲು ನಮ್ಮ ಬೀದಿಯ ಕೆಂಚು ನಾಯಿಯಂತೆಯೇ ಇರುವುದರಿಂದ ನಮ್ಮವರಿಗೆ ಅಪಾಯ ಹೆಚ್ಚು: ಕೈ ತಾನಾಗಿ ಬಿಸ್ಕತ್ತಿನ ಕಡೆ ಹೋಗುತ್ತದೆ. ಅದು ಕಾಡುಪ್ರಾಣಿ. ಮನುಷ್ಯರ ಕೈಯಿಂದ ತಿಂದು ರೂಢಿಯಾದದ್ದು ಮುಂದೆ ಬರುವವರ ಮೇಲೆ ಎರಗುತ್ತದೆ. 2001ರಲ್ಲಿ ಒಂಬತ್ತು ವರ್ಷದ ಬಾಲಕ ಇಲ್ಲಿ ಪ್ರಾಣ ಕಳೆದುಕೊಂಡ. ಎರಗಿದ ಪ್ರಾಣಿಯನ್ನೂ ಕೊನೆಗೆ ಕೊಲ್ಲಬೇಕಾಗುತ್ತದೆ. ಉಣಿಸಿದವರಿಗೆ ಭಾರಿ ದಂಡವಿದೆ. ಗುಂಪಿನಲ್ಲೇ ನಡೆಯಿರಿ, ಮಕ್ಕಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಿ. ಹತ್ತಿರ ಬಂದರೆ ಓಡಬೇಡಿ. ಅದರ ಕಡೆಗೇ ಮುಖ ಮಾಡಿ ನೆಟ್ಟಗೆ ನಿಂತು, ಕೈಗಳನ್ನು ಎದೆಗೆ ಕಟ್ಟಿಕೊಂಡು, ನಿಧಾನವಾಗಿ ಹಿಂದೆ ಸರಿಯಿರಿ, ಜೊತೆಯವರನ್ನು ಕೂಗಿ.

ಕಡಲ ಬದಿಯ ಮಧ್ಯಾಹ್ನ

ಬೀಚಿನಲ್ಲಿ ಮೊದಲು ತಿಳಿಯಬೇಕಾದದ್ದು, ಅಲ್ಲಿ ಸಮುದ್ರಕ್ಕೆ ಇಳಿಯುವಂತಿಲ್ಲ ಎಂಬುದು. ಸೆಳೆತ ಜೋರು, ಶಾರ್ಕ್‌ಗಳಿವೆ. ಬಸ್ಸಿನಿಂದ ಇಳಿದಾಗ ಎರಡೂ ಕಡೆ ನೋಡಿಯೇ ಹೆಜ್ಜೆ ಇಡಿ. ಅಲೆಯ ಸದ್ದಿನಲ್ಲಿ ಹಿಂದಿನಿಂದ ಬರುವ ವಾಹನ ಕೇಳಿಸುವುದಿಲ್ಲ.

ನೀರಾಟದ ಆಸೆಯನ್ನು ಎಲೈ ತೊರೆಯಲ್ಲಿ ತೀರಿಸಿಕೊಳ್ಳಿ. ಮರಳು ಹೀರಿಕೊಂಡ ಮಳೆನೀರು ಇಲ್ಲಿ ದಿನಕ್ಕೆ ಸುಮಾರು 8 ಕೋಟಿ ಲೀಟರ್ ಲೆಕ್ಕದಲ್ಲಿ ಕಡಲಿಗೆ ಹರಿಯುತ್ತದೆ. ಹಲಗೆದಾರಿಯಲ್ಲಿ ಮೇಲಕ್ಕೆ ನಡೆದು, ಮೆಟ್ಟಿಲಿಳಿದು, ನೀರಿನಲ್ಲಿ ತೇಲುತ್ತಲೋ ನಡೆಯುತ್ತಲೋ ಕೆಳಗೆ ಬರಬಹುದು. ವಯಸ್ಸಾದವರಿಗೂ ಹೆದರಿಕೆಯಿಲ್ಲದ ಜಾಗ; ಸೀರೆಯನ್ನು ಮೊಣಕಾಲಿಗೆತ್ತಿ ತೊರೆಯ ಬಾಯಲ್ಲಿ ನಿಂತ ನನ್ನ ತಾಯಿಯನ್ನು ಹೊರಡಿಸಲು ಗೈಡ್ ಎರಡು ಸಲ ಬಂದು ಕರೆಯಬೇಕಾಯಿತು.

ಅಲ್ಲಿಂದ ಉತ್ತರಕ್ಕೆ ಮಹೀನೋ ಹಡಗಿನ ಅವಶೇಷ ಸಿಗುತ್ತದೆ. 1905ರಲ್ಲಿ ಕಟ್ಟಿದ ಈ ಪ್ರಯಾಣಿಕರ ಹಡಗು ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಗಿ ದುಡಿದು, 1935ರ ಜುಲೈನಲ್ಲಿ ಗುಜರಿಗೆಂದು ಜಪಾನಿನ ಕಡೆಗೆ ಎಳೆದೊಯ್ಯುವಾಗ ಚಂಡಮಾರುತಕ್ಕೆ ಸಿಕ್ಕಿ ಇಲ್ಲಿ ಮರಳು ಹತ್ತಿತು. ತುಕ್ಕು ಹಿಡಿದ ಪಕ್ಕೆಲುಬುಗಳು ಚೂಪಾಗಿವೆ, ಮುಟ್ಟುವುದಾಗಲಿ ಹತ್ತುವುದಾಗಲಿ ಕೂಡದು. ಫೋಟೊ ದೂರದಿಂದಲೇ ಚೆನ್ನಾಗಿ ಬರುತ್ತದೆ. ಹತ್ತಿರದ ಪಿನಕಲ್ಸ್‌ನ ಹಳದಿ, ಕೆಂಪು ಮರಳಿನ ದಿಬ್ಬಗಳನ್ನೂ ಹೆಚ್ಚಿನ ಪ್ರವಾಸಗಳು ತೋರಿಸುತ್ತವೆ. ಬೀಚಿನಿಂದಲೇ ಏರುವ ಸಣ್ಣ ವಿಮಾನಕ್ಕೆ ಪ್ರತ್ಯೇಕ ಹಣ ಕೊಡಬೇಕು. ಕಾಡಿನ ನಡುವೆ ಅಲ್ಲಲ್ಲಿ ಹರಡಿದ ಸರೋವರಗಳನ್ನು ಒಟ್ಟಿಗೆ ಕಾಣುವ ದಾರಿ ಅದೊಂದೇ, ಕೈಯಲ್ಲಿ ಹಣವಿದ್ದರೆ ಇದಕ್ಕೇ ಖರ್ಚು ಮಾಡಿ ಎನ್ನುತ್ತೇನೆ.

ಮರಳುವ ಮುನ್ನ

ಬುಚುಲ್ಲಾ ಜನರಿಗೆ ಮೂರು ಹಿರಿಯ ಕಟ್ಟಳೆಗಳಿವೆ: ನೆಲಕ್ಕೆ ಒಳಿತಾದದ್ದು ಎಲ್ಲಕ್ಕಿಂತ ಮೊದಲು, ನಿನ್ನದಲ್ಲದ್ದನ್ನು ಮುಟ್ಟಬೇಡ, ಒಯ್ಯಬೇಡ, ಬಳಿ ಹೆಚ್ಚಿದ್ದರೆ ಹಂಚಿಕೋ. ಎರಡನೆಯದನ್ನು ಚೀಲ ಕಟ್ಟುವಾಗ ಜಾರಿಗೆ ತನ್ನಿ. ಬೆಳ್ಳಿ ತೊಳೆಯಲು ಒಳ್ಳೆಯದೆಂದು ಒಂದು ಹಿಡಿ ಬಿಳಿ ಮರಳು ಬಾಟಲಿಗೆ ತುಂಬಿಕೊಳ್ಳುವವರನ್ನು ಕಂಡಿದ್ದೇನೆ, ಬೇಡ. ಟವೆಲ್, ಚಪ್ಪಲಿ, ಪ್ಯಾಂಟಿನ ಮಡಿಕೆಗಳನ್ನು ದ್ವೀಪದ ನೆಲದ ಮೇಲೆಯೇ ಕೊಡವಿ, ತಂದ ಕಸವನ್ನೆಲ್ಲ ಎಣಿಸಿ ವಾಪಸ್ ತನ್ನಿ. ಸಂಜೆ ಪಶ್ಚಿಮ ದಂಡೆಯಲ್ಲಿ ಬಾರ್ಜಿಗೆ ಕಾಯುವಾಗ ಮ್ಯಾಂಗ್ರೋವ್ ಕಡೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಕಚ್ಚುತ್ತವೆ, ಕಾಲಿಗೆ ಮುಲಾಮು ಹಚ್ಚಿಕೊಂಡಿರಿ. ಹರ್ವಿ ಬೇ ತಲುಪಿದ ಮೇಲೆ ಆ ರಾತ್ರಿಯೇ ಬ್ರಿಸ್ಬೇನ್ ಕಡೆಗೆ ಕಾರು ತಿರುಗಿಸಬೇಡಿ. ಮುಸ್ಸಂಜೆಯಲ್ಲಿ ಕಾಂಗರೂಗಳು ಹೆದ್ದಾರಿಗೆ ನುಗ್ಗುತ್ತವೆ, ದಿನವಿಡೀ ಬಿಸಿಲುಂಡ ಚಾಲಕನಿಗೆ ಕಣ್ಣು ಎಳೆಯುತ್ತಿರುತ್ತದೆ. ಕೋಣೆಯನ್ನು ಎರಡು ರಾತ್ರಿಗೆ ಹಿಡಿದಿದ್ದರೆ ಬಿಸಿನೀರು ಸ್ನಾನ ಮಾಡಿ, ಬಸ್ಸಿನಲ್ಲಿ ಉಳಿದ ಡಬ್ಬಿಯ ಚಿತ್ರಾನ್ನವನ್ನು ಅಲ್ಲಿಯೇ ಕುಳಿತು ಉಣ್ಣಬಹುದು.