ಬ್ರಾಂಜಾ, ಗೋಲ್ಡಾ? ಒಂದು ಭಾಗಾಕಾರ ಮಾಡಿ ನೋಡಿ
ಹೊಸ ಪಿಸಿಗೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಕೊಳ್ಳುವವರು 80 ಪ್ಲಸ್ ಸ್ಟಿಕ್ಕರ್ (ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಅಂತ ಹೇಳುವ ಬ್ರಾಂಜ್, ಗೋಲ್ಡ್ ಮುಂತಾದ ದರ್ಜೆ) ನೋಡಿ ಜಾಸ್ತಿ ದುಡ್ಡು ಕೊಡುವ ಮೊದಲು, ಪಿಸಿಗೆ ಬೇಕಾದ ವ್ಯಾಟನ್ನು ಎಸ್‌ಎಂಪಿಎಸ್‌ನ ಎಫಿಶಿಯೆನ್ಸಿಯಿಂದ (ಎಳೆದ ಕರೆಂಟಿನಲ್ಲಿ ಪಿಸಿಗೆ ತಲುಪುವ ಪಾಲು) ಭಾಗಿಸಿ. ಗೋಡೆಯಿಂದ ಎಳೆಯುವ ವ್ಯಾಟ್ ಸಿಗುತ್ತದೆ. ಬಾಕ್ಸ್ ಮೇಲಿನ 500 ವ್ಯಾಟ್ ಅಂದರೆ ಅದು ಒಳಗೆ ಕೊಡಬಲ್ಲ ಶಕ್ತಿ. ಗೋಡೆಯ ಪ್ಲಗ್‌ನಿಂದ ಎಳೆಯುವುದು ಇನ್ನೂ ಸ್ವಲ್ಪ ಜಾಸ್ತಿ, ಆ ಹೆಚ್ಚಿನದ್ದು ಬಿಸಿಯಾಗಿ ಹೋಗುತ್ತದೆ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಲೋಡಿಗೆ (ಸಾಮರ್ಥ್ಯದ ಅರ್ಧ ಬಳಸುವಾಗ) ಬ್ರಾಂಜ್ ಕನಿಷ್ಠ 85%, ಗೋಲ್ಡ್ 90% ಇರಬೇಕು. ನಮ್ಮ 230 ವೋಲ್ಟಿನಲ್ಲಿ ಸಾಮಾನ್ಯವಾಗಿ ತುಸು ಮೇಲೇ ಬರುತ್ತದೆ. ಪಿಸಿಗೆ 200 ವ್ಯಾಟ್ ಬೇಕಾದರೆ ಬ್ರಾಂಜ್ ಸುಮಾರು 235 ಎಳೆಯುತ್ತದೆ, ಗೋಲ್ಡ್ 222. ದಿನಕ್ಕೆ 8 ಗಂಟೆ ಓಡಿಸಿದರೂ ತಿಂಗಳಿಗೆ ಉಳಿಯುವುದು ಬರೀ 3 ಯೂನಿಟ್! ಅದನ್ನು ನಿಮ್ಮ ಮೆಸ್ಕಾಂ ಬಿಲ್ಲಿನ ದರಕ್ಕೆ ಗುಣಿಸಿ, ಬೆಲೆಯ ವ್ಯತ್ಯಾಸದ ಜೊತೆ ಹೋಲಿಸಿ. ಮನೆ ಪಿಸಿಗೆ ಬ್ರಾಂಜ್ ಧಾರಾಳ ಸಾಕು. ಉಡುಪಿಯ ಡಿಟಿಪಿ ಅಂಗಡಿಯಂತೆ ಬೆಳಗಿಂದ ರಾತ್ರಿವರೆಗೆ ಹತ್ತಾರು ಪಿಸಿ ಓಡುವಲ್ಲಿ ಗೋಲ್ಡ್ ಲೆಕ್ಕಕ್ಕೆ ಬರುತ್ತದೆ. ಆದರೆ ಪಿಸಿ ಸುಮ್ನೆ ಆನ್ ಇದ್ದು ತೀರಾ ಕಡಿಮೆ ಲೋಡ್ ಇರುವಾಗ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಬ್ರಾಂಜ್, ಗೋಲ್ಡ್ ಪರೀಕ್ಷೆ ಶುರುವಾಗುವುದೇ 20% ಲೋಡಿನಿಂದ. ಅದೂ 23 ಡಿಗ್ರಿ ತಂಪಿನಲ್ಲಿ, ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅಲ್ಲ. ಇನ್ನೊಂದು ಮುಖ್ಯ ವಿಷಯ: ಸಿಡಿಲು, ವೋಲ್ಟೇಜ್ ಏರಿಳಿತ ತಡೆಯುತ್ತದಾ ಅಂತ ಈ ಸ್ಟಿಕ್ಕರ್ ಹೇಳುವುದಿಲ್ಲ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.