ರಾಗಿ ಹೊಲದ ಅಂಚಿಗೆ ಹುಚ್ಚೆಳ್ಳು ಹಾಕುವುದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರ ಕಡೆ ರಾಗಿ ಹೊಲದ ಅಂಚಲ್ಲಿ ಹಳದಿ ಹೂವಿನ ಸಾಲು ನೋಡಿದ್ದೀರಲ್ವಾ? ಅದೇ ಹುಚ್ಚೆಳ್ಳು. ಹೆಸರಲ್ಲಿ ಎಳ್ಳು ಇದ್ದರೂ ಇದು ಸೂರ್ಯಕಾಂತಿಯ ಬಳಗದ್ದು, ಮೂಲ ಇಥಿಯೋಪಿಯಾ. ಈಗ ಈ ಸಾಲುಗಳು ಕಮ್ಮಿಯಾಗುತ್ತಿರುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರು.

ಜುಲೈ, ಆಗಸ್ಟ್‌ನಲ್ಲಿ ರಾಗಿ ಜೊತೆಗೇ ಅಕ್ಕಡಿ ಸಾಲಾಗಿ, ಅಂದರೆ ಮುಖ್ಯ ಬೆಳೆಯ ಜೊತೆ ಹಾಕುವ ಬೇರೆ ಬೆಳೆಯ ಸಾಲಾಗಿ, ಹಾಕಿ. ಬೀಜ ಸಣ್ಣದು, ಸುಮ್ನೆ ಕೈಯಲ್ಲಿ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ, ಅದಕ್ಕೇ ಮರಳು ಅಥವಾ ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಬಿತ್ತಿ, ಮೇಲೆ ತೆಳುವಾಗಿ ಮಣ್ಣು ಎಳೆಯಿರಿ. ಎರಡು ವಾರಕ್ಕೆ ಒತ್ತಾದ ಸಸಿ ಕಿತ್ತು, ಗಿಡಗಳ ನಡುವೆ 10 ಸೆಂ.ಮೀ. ಜಾಗ ಬಿಡಿ. ದನಗಳು ಇದನ್ನು ಅಷ್ಟಾಗಿ ಮೇಯುವುದಿಲ್ಲ, ಹಾಗಾಗಿ ಅಂಚಿಗೆ ಹೇಳಿ ಮಾಡಿಸಿದ ಬೆಳೆ.

ಹಳದಿ ದಾರದಂಥ ಬಳ್ಳಿ ಗಿಡಕ್ಕೆ ಸುತ್ತಿಕೊಂಡಿದ್ದರೆ ಗಿಡದ ಸಮೇತ ಕಿತ್ತು ಸುಟ್ಟುಬಿಡಿ. ಅದು ಬೀಜ ಕಟ್ಟಿದರೆ ಮುಂದಿನ ವರ್ಷವೂ ಕಾಟ ತಪ್ಪಿದ್ದಲ್ಲ.

ಹೂ ಬಿಟ್ಟಾಗ ದಯವಿಟ್ಟು ಔಷಧಿ ಹೊಡೆಯಬೇಡಿ. ಹುಚ್ಚೆಳ್ಳು ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟುವುದಿಲ್ಲ, ಒಂದು ಗಿಡದ್ದನ್ನು ಇನ್ನೊಂದಕ್ಕೆ ಜೇನು ಒಯ್ಯಬೇಕು. ಜೇನು ಬರದಿದ್ದರೆ ಹೂ ಎಷ್ಟಿದ್ದರೂ ಜೊಳ್ಳೇ ಜಾಸ್ತಿ.

ಮೂರೂವರೆ ತಿಂಗಳ ಹೊತ್ತಿಗೆ ಎಲೆ ಒಣಗಿ, ಹೂವಿನ ತಲೆ ಕಂದು ಕಪ್ಪಾದಾಗ ಕೊಯ್ಯಿರಿ. ತಡ ಮಾಡಿದರೆ ಕಾಳು ಹೊಲದಲ್ಲೇ ಉದುರುತ್ತದೆ. ಕಣದಲ್ಲಿ ಒಣಗಿಸಿ, ಕೋಲಲ್ಲಿ ಬಡಿದು, ತೂರಿ. ಮೊದಲು ಮುಂದಿನ ವರ್ಷದ ಬೀಜ ಎತ್ತಿಡಿ, ಉಳಿದದ್ದನ್ನು ಹುರಿದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಚಟ್ನಿಪುಡಿ ಮಾಡಿ, ಬಿಸಿ ರಾಗಿ ರೊಟ್ಟಿಗೆ.